ಪಂಜು ಉರಿಯುವಷ್ಟು ಹೊತ್ತು

"ಇನ್ನು ಒಂದೇ ಪಂಜು ಇರೋದು" ಅಂತ ಗೆಳತಿಯೊಬ್ಬಳು ಹೇಳಿದಾಗ ಮೇಜಿನ ಸುತ್ತ ಮಾತು ನಿಂತಿತು.

ಭಾನುವಾರ ಮಧ್ಯಾಹ್ನ. ನಮ್ಮ ಮನೆಯ ಊಟದ ಮೇಜು. ಅದರ ಮೇಲೆ ಗ್ರಾಫ್ ಹಾಳೆ, ಪೆನ್ಸಿಲ್, ಒಂದಷ್ಟು ದಾಳ. ಸುತ್ತ ನಾಲ್ಕು ಜನ ಆಟಗಾರರು, ಆಟ ನಡೆಸುವವನು ನಾನು. ಆಟದೊಳಗೆ ಅವರೆಲ್ಲ ಪಾಳು ಕೋಟೆಯೊಂದರ ಅಡಿಯಲ್ಲಿ, ಎರಡನೇ ಮಟ್ಟದ ನೆಲಮಾಳಿಗೆಯಲ್ಲಿದ್ದರು. ಎದುರಿಗೆ ಮುಚ್ಚಿದ ಬಾಗಿಲು. ಆಚೆ ಕಡೆ ಯಾರೋ ಭಾರವಾದದ್ದನ್ನು ನೆಲದ ಮೇಲೆ ಎಳೆಯುತ್ತಿರುವ ಸದ್ದು. ಹೊರಗೆ ಹೋಗಲು ಐದು ಟರ್ನ್ ದಾರಿ; ಟರ್ನ್ ಅನ್ನುವುದು ಆಟದೊಳಗಿನ ಸಮಯದ ಅಳತೆ. ಒಂದು ಪಂಜು ಉರಿಯುವುದು ಆರು ಟರ್ನ್.

"ತೆಗೆದು ನೋಡೋಣ ಕಣೋ, ಒಂದು ಟರ್ನ್ ತಾನೆ?"

"ಒಂದು ಟರ್ನ್ ಇಲ್ಲಿ, ಐದು ಟರ್ನ್ ವಾಪಸ್. ದಾರೀಲಿ ಏನಾದ್ರೂ ಎದುರಾದ್ರೆ?"

"ಮೂಟೆ ಇಲ್ಲೇ ಬಿಟ್ರೆ ಬೇಗ ಹೋಗಬಹುದು."

"ಮೂಟೆ ಬಿಟ್ಟು ಹೋಗೋಕೆ ಇಲ್ಲೀವರೆಗೂ ಬಂದ್ವಾ?"

ಹತ್ತು ನಿಮಿಷ ವಾದ ನಡೆಯಿತು. ಅಷ್ಟು ಹೊತ್ತೂ ನಾನು ಬಾಯಿ ತೆರೆಯಲಿಲ್ಲ. ದಾಳ ಉರುಳಲಿಲ್ಲ, ಕತ್ತಿ ಒರೆಯಿಂದ ಹೊರಬರಲಿಲ್ಲ. ಆದರೂ ಆ ದಿನದ ಆಟದಲ್ಲಿ ಎಲ್ಲರ ಎದೆ ಜೋರಾಗಿ ಹೊಡೆದುಕೊಂಡಿದ್ದು ಆ ಹತ್ತು ನಿಮಿಷದಲ್ಲೇ. ಇಂಥ ನೆಲಮಾಳಿಗೆ, ಅಂದರೆ ಡಂಜನ್ ಅನ್ನುವುದು 50 ವರ್ಷವಾದರೂ ಜನರನ್ನು ಯಾಕೆ ಹಿಡಿದಿಟ್ಟಿದೆ, ಅದೇ ಡಂಜನ್ ಕೆಲವೊಮ್ಮೆ ಆಕಳಿಕೆ ತರಿಸುವುದು ಯಾಕೆ ಅನ್ನುವ ಎರಡಕ್ಕೂ ಉತ್ತರ ಆ ಪಂಜಿನಲ್ಲಿದೆ ಅಂತ ನನ್ನ ನಂಬಿಕೆ.

ಈ ಆಟ ನೋಡಿರದವರಿಗೆ ಮೊದಲು ಒಂದೆರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಮಾತಿನಲ್ಲೇ ನಡೆಯುವ ಆಟ. ತಾಳಮದ್ದಳೆ ನೋಡಿದ್ದೀರಲ್ಲ? ವೇಷವಿಲ್ಲ, ರಂಗವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕೂತು ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಇಲ್ಲೂ ಹಾಗೆಯೇ. ಆದರೆ ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲಿಗೆ ಮುಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಯಾರಿಗೂ ಗೊತ್ತಿಲ್ಲ, ಆಟ ನಡೆಸುವವರಿಗೂ ಗೊತ್ತಿಲ್ಲ. ಒಬ್ಬೊಬ್ಬ ಆಟಗಾರರಿಗೆ ಒಂದೊಂದು ಪಾತ್ರ: ಯೋಧ, ಕಳ್ಳಿ, ಮಂತ್ರವಾದಿ, ಹೀಗೆ. ಇನ್ನೊಬ್ಬರು ಗೇಮ್ ಮಾಸ್ಟರ್. ಉಳಿದ ಲೋಕವೆಲ್ಲ ಅವರ ಕೈಯಲ್ಲಿ. ಆಟಗಾರರು ಏನು ಮಾಡುತ್ತೇವೆ ಅಂತ ಹೇಳುತ್ತಾರೆ, ಗೇಮ್ ಮಾಸ್ಟರ್ ಏನಾಯಿತು ಅಂತ ಹೇಳುತ್ತಾರೆ. ಅನುಮಾನ ಇದ್ದ ಕಡೆ ದಾಳ ತೀರ್ಮಾನಿಸುತ್ತದೆ. ಡಂಜನ್ ಅಂದರೆ ನಿಘಂಟಿನ ಪ್ರಕಾರ ಸೆರೆಮನೆ. ಈ ಆಟದಲ್ಲಿ ಮಾತ್ರ ನೆಲದಡಿಯ ಯಾವ ಅಪಾಯದ ಜಾಗವಾದರೂ ಡಂಜನ್ನೇ. ಗುಹೆ, ಗೋರಿ, ಹಾಳು ದೇವಸ್ಥಾನ, ಕೋಟೆಯ ಸುರಂಗ, ಎಲ್ಲವೂ.

ಇದು ಹುಟ್ಟಿದ್ದು ಅಮೆರಿಕದಲ್ಲಿ, ಯುದ್ಧದಾಟ ಆಡುವವರ ನಡುವೆ. ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲಿಟ್ಟು ಸೇನೆ ನಡೆಸುವ ಆಟ ಅದು. ಮಿನೆಸೋಟದ ಡೇವ್ ಆರ್ನೆಸನ್ 1971ರ ಹೊತ್ತಿಗೆ ಬ್ಲ್ಯಾಕ್‌ಮೂರ್ ಅನ್ನುವ ಕಲ್ಪನೆಯ ನಾಡು ಕಟ್ಟಿದರು. ಅಲ್ಲಿ ಆಟಗಾರನ ಕೈಗೆ ಸೇನೆ ಕೊಡಲಿಲ್ಲ, ಒಬ್ಬನೇ ಒಬ್ಬ ಮನುಷ್ಯನನ್ನು ಕೊಟ್ಟರು. ಆಮೇಲೆ ಅವರನ್ನೆಲ್ಲ ಕೋಟೆಯ ಕೆಳಗಿನ ಸುರಂಗಗಳಿಗೆ ಇಳಿಸಿದರು. 1972ರ ಕೊನೆಯಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಊರಿಗೆ ಬಂದು ಗ್ಯಾರಿ ಗೈಗ್ಯಾಕ್ಸ್‌ಗೆ ಈ ಆಟ ಆಡಿಸಿ ತೋರಿಸಿದರು. ಗೈಗ್ಯಾಕ್ಸ್ ಕೂಡಲೇ ತಮ್ಮದೇ ಗ್ರೇಹಾಕ್ ಕೋಟೆಯ ನೆಲಮಾಳಿಗೆ ಬರೆದು, ಮೊದಲು ತಮ್ಮ ಮಕ್ಕಳಿಗೇ ಆಡಿಸಿದರು. 1974ರಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆಯಾಗಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂತು. ಮೊದಲ ಮುದ್ರಣ 1000 ಪ್ರತಿ.

ನೆಲದಡಿಗೆ ಯಾಕೆ ಇಳಿದರು? ಇದಕ್ಕೆ ಬಹಳ ಪ್ರಾಯೋಗಿಕವಾದ ಕಾರಣವಿದೆ. ಒಂದು ಊರಿನಲ್ಲಿ ಆಟ ಶುರುಮಾಡಿದ್ದೀರಿ ಅಂದುಕೊಳ್ಳಿ. ಆಟಗಾರರು "ನಾವು ಹಡಗು ಹತ್ತುತ್ತೇವೆ" ಅಂತಾರೆ. ನಿಮ್ಮ ಹತ್ತಿರ ಹಡಗೂ ಇಲ್ಲ, ಸಮುದ್ರವೂ ಇಲ್ಲ. ಇನ್ನೊಬ್ಬ "ನಾನು ರಾಜನನ್ನು ನೋಡಬೇಕು" ಅಂತಾನೆ. ಇಡೀ ಲೋಕವನ್ನೇ ಮೊದಲು ಸಿದ್ಧಮಾಡಿಕೊಳ್ಳಲು ಯಾರಿಂದ ಸಾಧ್ಯ? ಸುರಂಗದಲ್ಲಿ ಹಾಗಲ್ಲ. ಎಡಕ್ಕೆ, ಬಲಕ್ಕೆ, ಇಲ್ಲವೇ ಬಂದ ದಾರಿಗೆ. ಒಂದು ಗ್ರಾಫ್ ಹಾಳೆಯಲ್ಲಿ ಎಲ್ಲವೂ ಹಿಡಿಯುತ್ತದೆ. ಒಂದು ಚೌಕ ಅಂದರೆ 10 ಅಡಿ. ಆಟಗಾರರಿಗೆ ಸ್ವಾತಂತ್ರ್ಯ ಪೂರ್ತಿ ಇದೆ, ಆದರೆ ಗೋಡೆಗಳೊಳಗೆ. ಹೊಸದಾಗಿ ಆಟ ನಡೆಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಾನು ಆಟ ನಡೆಸುವುದನ್ನು ಕಲಿತದ್ದು ಹನ್ನೊಂದು ಕೋಣೆಯ ಒಂದು ಗುಹೆಯಿಂದ. ಊರು ಕಟ್ಟುವ ಧೈರ್ಯ ಬಂದದ್ದು ಆಮೇಲೆ.

ಆದರೆ ಗೋಡೆ ಇದ್ದ ಮಾತ್ರಕ್ಕೆ ಡಂಜನ್ ಆಗುವುದಿಲ್ಲ. ಅದಕ್ಕೊಂದು ಗಡಿಯಾರ ಬೇಕು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ 1981ರ ಬೇಸಿಕ್ ಆವೃತ್ತಿಯ, ಅಂದರೆ ಹೊಸಬರಿಗಾಗಿ ಬಂದ ಪೆಟ್ಟಿಗೆಯ ನಿಯಮಗಳನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಈ ಗಡಿಯಾರ ಅಲ್ಲಿ ತುಂಬಾ ಸ್ಪಷ್ಟವಾಗಿ ಕಾಣುತ್ತದೆ.

ಒಂದು ಟರ್ನ್ ಅಂದರೆ ಆಟದೊಳಗಿನ 10 ನಿಮಿಷ. ಹಗುರವಾಗಿರುವವರು ಒಂದು ಟರ್ನ್‌ನಲ್ಲಿ 120 ಅಡಿ ಸಾಗಬಹುದು. ಇದು ಓಡಾಟದ ವೇಗವಲ್ಲ. ನಕ್ಷೆ ಬರೆಯುತ್ತಾ, ಕಿವಿಗೊಡುತ್ತಾ, ಹೆಜ್ಜೆ ಹೆಜ್ಜೆಗೂ ನೆಲ ನೋಡುತ್ತಾ ಹೋಗುವ ವೇಗ. ಲೋಹದ ಕವಚ ತೊಟ್ಟರೆ 60 ಅಡಿ ಮಾತ್ರ. 10 ಅಡಿ ಚೌಕದಷ್ಟು ಜಾಗವನ್ನು ಒಬ್ಬರು ತಡಕಾಡಿ ಹುಡುಕಲು ಒಂದು ಟರ್ನ್ ಬೇಕು. ಗುಪ್ತ ಬಾಗಿಲು ಇದ್ದರೂ ಅದು ಸಿಗುವ ಸಾಧ್ಯತೆ ಸಾಮಾನ್ಯವಾಗಿ 6ರಲ್ಲಿ 1. ಪ್ರತಿ ಆರು ಟರ್ನ್‌ಗೆ ಒಂದು ಟರ್ನ್ ವಿಶ್ರಾಂತಿ. ಪಂಜು ಆರು ಟರ್ನ್ ಉರಿಯುತ್ತದೆ, ಬೆಳಕು 30 ಅಡಿಯವರೆಗೆ. ಇದರ ಮೇಲೆ, ಎರಡು ಟರ್ನ್‌ಗೊಮ್ಮೆ ಗೇಮ್ ಮಾಸ್ಟರ್ ಒಂದು ದಾಳ ಉರುಳಿಸುತ್ತಾರೆ. 1 ಬಿದ್ದರೆ ಅಲೆದಾಡುವ ಯಾವುದೋ ಜೀವಿ ಎದುರಾಗುತ್ತದೆ.

ಈಗ ಲೆಕ್ಕ ಹಾಕಿ ನೋಡಿ. 30 ಅಡಿ ಉದ್ದ, 30 ಅಡಿ ಅಗಲದ ಒಂದು ಕೋಣೆ. ಒಬ್ಬರೇ ಪೂರ್ತಿ ಹುಡುಕಿದರೆ ಒಂಬತ್ತು ಟರ್ನ್. ಅಂದರೆ ಒಂದೂವರೆ ಪಂಜು ಸುಟ್ಟು ಹೋಯಿತು. ಒಂದು ಪಂಜು ಉರಿಯುವಷ್ಟರಲ್ಲಿ ಮೂರು ಸಲ ಆ ದಾಳ ಉರುಳಿರುತ್ತದೆ. ಮೂರರಲ್ಲಿ ಒಂದು ಸಲವಾದರೂ 1 ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 42. ಹಾಗಾಗಿ "ಕೋಣೆ ಪೂರ್ತಿ ಹುಡುಕೋಣ" ಅನ್ನುವ ಸಾದಾ ಮಾತಿಗೂ ಒಂದು ಬೆಲೆ ಇದೆ. ನಾಲ್ವರೂ ಸೇರಿ ಹುಡುಕಿದರೆ ಬೇಗ ಮುಗಿಯುತ್ತದೆ, ಆದರೆ ಆಗ ಬಾಗಿಲು ಕಾಯುವವರು ಯಾರು? ಹೀಗೆ ಆ ದಾಳದ ಒಂದೊಂದು ಸದ್ದಿಗೂ ಮೇಜಿನ ಸುತ್ತ ಕೂತವರು ಬೆಚ್ಚುತ್ತಾರೆ.

ಇನ್ನು ಚಿನ್ನದ ನಿಯಮ. ಇದು ಬಹಳ ಜನ ತಪ್ಪು ತಿಳಿಯುವ ನಿಯಮ. ಆ ಆವೃತ್ತಿಯಲ್ಲಿ ಯೋಧ ಎರಡನೇ ಹಂತಕ್ಕೇರಲು 2000 ಅನುಭವದ ಅಂಕ ಬೇಕು. ಒಂದು ಗಾಬ್ಲಿನ್ (ಕುಳ್ಳ ರಾಕ್ಷಸ) ಕೊಂದರೆ ಸಿಗುವುದು 5 ಅಂಕ, ಅದನ್ನೂ ಎಲ್ಲರೂ ಹಂಚಿಕೊಳ್ಳಬೇಕು. ಆದರೆ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ 1 ಅಂಕ. ಅಂದರೆ ಹೋರಾಟ ಇಲ್ಲಿ ದಂಡದ ಕೆಲಸ. ಮೊದಲ ಹಂತದ ಮಂತ್ರವಾದಿಗೆ ಸಾಮಾನ್ಯವಾಗಿ ಹೆಚ್ಚೆಂದರೆ 4 ಜೀವಾಂಕ. ಎರಡು ಏಟಿಗೆ ಸತ್ತು ಹೋಗುತ್ತಾನೆ. ಜಾಣರು ಕದ್ದು ಹೋಗುತ್ತಾರೆ, ಲಂಚ ಕೊಡುತ್ತಾರೆ, ಮಾತಾಡಿ ದಾಟುತ್ತಾರೆ, ಇಲ್ಲದಿದ್ದರೆ ಓಡುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ನಿಧಿ ಮಾತ್ರ ಹೊರಗೆ ಬರಬೇಕು!

ಹೊರಗೆ ತರುವುದೂ ಸುಲಭವಲ್ಲ. ಹತ್ತು ನಾಣ್ಯಕ್ಕೆ ಒಂದು ಪೌಂಡ್ ತೂಕ. 2000 ನಾಣ್ಯ ಅಂದರೆ 200 ಪೌಂಡ್, ಹತ್ತಿರ ಹತ್ತಿರ 90 ಕಿಲೋ. ಭಾರ ಹೆಚ್ಚಿದಷ್ಟೂ ನಡಿಗೆ ನಿಧಾನ. ನಡಿಗೆ ನಿಧಾನವಾದಷ್ಟೂ ಪಂಜು ಜಾಸ್ತಿ ಬೇಕು, ಅಲೆಮಾರಿ ಜೀವಿಗಳು ಜಾಸ್ತಿ ಎದುರಾಗುತ್ತವೆ. ನೂರು ತಾಮ್ರದ ನಾಣ್ಯ ಸೇರಿದರೆ ಒಂದು ಚಿನ್ನದ ನಾಣ್ಯ, ಆದರೆ ತಾಮ್ರದ್ದಾಗಲಿ ಚಿನ್ನದ್ದಾಗಲಿ, ಒಂದು ನಾಣ್ಯದ ತೂಕ ಒಂದೇ. ನಮ್ಮ ಹುಡುಗರು ಆ ಭಾನುವಾರ ಹೊತ್ತಿದ್ದ ಮೂಟೆಯಲ್ಲಿ ಮುಕ್ಕಾಲು ಪಾಲು ತಾಮ್ರವಿತ್ತು. ಅದು ಅವರಿಗೆ ನೆನಪಾದದ್ದು ವಾದದ ಏಳನೇ ನಿಮಿಷದಲ್ಲಿ. ಭಾರದ ಲೆಕ್ಕವನ್ನು ಆ ಪುಸ್ತಕ ಬೇಕಿದ್ದರೆ ಬಳಸಿ ಅಂತ ಬಿಟ್ಟಿದೆ. ನಾನಂತೂ ಬಿಡುವುದಿಲ್ಲ. ಭಾರದ ಲೆಕ್ಕ ತೆಗೆದರೆ ಆ ವಾದವೇ ಹುಟ್ಟುತ್ತಿರಲಿಲ್ಲ.

ಬೆಳಕು, ಸಮಯ, ಭಾರ, ಅಪಾಯ. ಈ ನಾಲ್ಕೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಒಂದನ್ನು ಎಳೆದರೆ ಉಳಿದ ಮೂರೂ ಬಿಗಿಯುತ್ತವೆ. ಡಂಜನ್ನಿನ ಸೆಳೆತ ಅಂತ ನಾನು ಕರೆಯುವುದು ಇದನ್ನೇ.

ಎರಡನೇ ಸೆಳೆತ ಜಾಗದ್ದು. ಒಳ್ಳೆಯ ಡಂಜನ್‌ನಲ್ಲಿ ಆಟಗಾರರು ಬರುವ ಮೊದಲೇ ಬದುಕು ನಡೆಯುತ್ತಿರುತ್ತದೆ. ಗೈಗ್ಯಾಕ್ಸ್ ಬರೆದ 'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' ನೋಡಿ. ಹೊಸಬರ ಪೆಟ್ಟಿಗೆಯ ಜೊತೆಗೇ ಬರುತ್ತಿದ್ದ ಸಾಹಸ ಅದು, ಅಂದರೆ ಆಡಿಸಲು ಮೊದಲೇ ಬರೆದಿಟ್ಟ ಪುಸ್ತಕ. ಒಂದು ಕಣಿವೆ, ಅದರ ಎರಡೂ ಮಗ್ಗುಲಲ್ಲಿ ಗುಹೆಗಳು, ಒಂದೊಂದರಲ್ಲಿ ಒಂದೊಂದು ಬುಡಕಟ್ಟು. ಅಲ್ಲಿನ ಗಾಬ್ಲಿನ್‌ಗಳ ಪಕ್ಕದ ಗುಹೆಯಲ್ಲಿ ಒಬ್ಬ ಓಗರ್ ಇದ್ದಾನೆ, ಅಂದರೆ ದೈತ್ಯ. ಶತ್ರುಗಳು ನುಗ್ಗಿದರೆ ಗಾಬ್ಲಿನ್‌ಗಳು ಗುಪ್ತ ಬಾಗಿಲು ತೆಗೆದು 250 ಚಿನ್ನದ ನಾಣ್ಯದ ಚೀಲವನ್ನು ಅವನತ್ತ ಎಸೆಯುತ್ತಾರೆ. ಅವನು ಎದ್ದು ಬಂದು ಅವರ ಪರವಾಗಿ ಹೊಡೆದಾಡುತ್ತಾನೆ. ಆ ಒಂದು ಚೀಲದಲ್ಲಿ ಎಷ್ಟೆಲ್ಲ ಇದೆ ನೋಡಿ. ಗಾಬ್ಲಿನ್‌ಗಳಿಗೆ ಭಯವಿದೆ, ಉಳಿತಾಯವಿದೆ, ನೆರೆಯವನ ಜೊತೆ ಒಪ್ಪಂದವಿದೆ. ದೈತ್ಯ ದುಡ್ಡಿಗೆ ಬಗ್ಗುವವನು ಅಂತ ಗೊತ್ತಾದ ಆಟಗಾರರ ತಲೆಯಲ್ಲಿ ಏನು ಓಡುತ್ತದೆ ಅಂತ ಹೇಳಬೇಕಾಗಿಲ್ಲ. ಇದನ್ನು ಯಾರೂ ಕಥೆಯಾಗಿ ಹೇಳಲಿಲ್ಲ. ಜಾಗವೇ ಹೇಳಿತು.

ನಕ್ಷೆಯ ಆಕಾರವೂ ಇಷ್ಟೇ ಮುಖ್ಯ. ಕೋಣೆಗಳನ್ನು ರೈಲಿನ ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಜೋಡಿಸಿದರೆ ಆಟಗಾರರಿಗೆ ಉಳಿಯುವ ಆಯ್ಕೆ ಒಂದೇ: ಮುಂದಿನ ಬಾಗಿಲು. ಜೆನೆಲ್ ಜೇಕ್ವೇಸ್ 1979ರಲ್ಲಿ 'ಕ್ಯಾವರ್ನ್ಸ್ ಆಫ್ ಥ್ರೇಸಿಯಾ' ಎಂಬ ಡಂಜನ್ ಮಾಡಿದಾಗ ಹೀಗೆ ಮಾಡಲಿಲ್ಲ. ಒಳಗೆ ಹೋಗಲು ಹಲವು ದಾರಿ. ಸುತ್ತಿ ಬಂದು ಮತ್ತೆ ಕೂಡಿಕೊಳ್ಳುವ ಓಣಿಗಳು. ಒಂದು ಮಟ್ಟದಿಂದ ಇನ್ನೊಂದಕ್ಕೆ ಇಳಿಯಲು ಬೇರೆ ಬೇರೆ ಕಡೆ ಮೆಟ್ಟಿಲು. ಇಂಥ ನಕ್ಷೆಯಲ್ಲಿ ಶತ್ರುವಿನ ಬೆನ್ನ ಹಿಂದೆ ಬರಬಹುದು, ಶತ್ರುವೂ ನಿಮ್ಮ ಬೆನ್ನ ಹಿಂದೆ ಬರಬಹುದು. ಜೇಕ್ವೇಸ್ 2024ರಲ್ಲಿ ತೀರಿಕೊಂಡರು. ಡಂಜನ್ ಬರೆಯುವವರು ಇವತ್ತಿಗೂ ಇಂಥ ಸುತ್ತುದಾರಿಯ ನಕ್ಷೆಯನ್ನು ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಇಷ್ಟೆಲ್ಲ ಇದ್ದೂ ಡಂಜನ್ ಬೇಸರ ತರಿಸುತ್ತದೆ, ನಿಜ.

ಮೊದಲನೆಯದು ನಕ್ಷೆ ಬರೆಯುವ ಕಾಟ. ಹಳೆಯ ಪದ್ಧತಿಯಲ್ಲಿ ಗೇಮ್ ಮಾಸ್ಟರ್ ಬಾಯಲ್ಲಿ ಅಳತೆ ಹೇಳುತ್ತಾರೆ, ಆಟಗಾರರಲ್ಲಿ ಒಬ್ಬರು ಕೇಳಿಸಿಕೊಂಡು ಬರೆಯುತ್ತಾರೆ. "ಪೂರ್ವಕ್ಕೆ 40 ಅಡಿ, ಆಮೇಲೆ ಉತ್ತರಕ್ಕೆ 20, ಅಲ್ಲಿ ಎಡಗಡೆ ಬಾಗಿಲು, ಇಲ್ಲ ಇಲ್ಲ, ನಿಮ್ಮ ಎಡ." ಒಮ್ಮೆ ನಾನು ಆಟಗಾರನಾಗಿ ಕೂತಿದ್ದ ಮೇಜಿನಲ್ಲಿ ಮೂರು ಗಂಟೆಯಲ್ಲಿ ಎರಡು ಗಂಟೆ ಇದಕ್ಕೇ ಹೋಯಿತು. ಬರೆಯುವವಳಿಗೆ ಕೆಲಸವಿತ್ತು, ಉಳಿದ ಮೂವರು ಸುಮ್ನೆ ಚಿಪ್ಸ್ ತಿನ್ನುತ್ತಿದ್ದೆವು. ದಾರಿ ತಪ್ಪುವುದೇ ಆಟದ ಭಾಗವಾದ ಕಡೆ ಅಳತೆ ಬೇಕು. ಮಿಕ್ಕ ಕಡೆ ಚೌಕ ಕೋಣೆ ಬರೆಯದೆ ಬರೀ ಸೊನ್ನೆ ಹಾಕಿ, ನಡುವೆ ಗೆರೆ ಎಳೆದರೆ ಸಾಕು. ನಾನು ಈಗ ಹಾಗೇ ಮಾಡಿಸುತ್ತೇನೆ.

ಎರಡನೆಯದು ಬಲೆಗಳು. ಗೈಗ್ಯಾಕ್ಸ್‌ರ 'ಟೂಂಬ್ ಆಫ್ ಹಾರರ್ಸ್' 1975ರಲ್ಲಿ ಒರಿಜಿನ್ಸ್ ಆಟದ ಮೇಳದಲ್ಲಿ ಸ್ಪರ್ಧೆಯಾಗಿ ನಡೆಯಿತು, 1978ರಲ್ಲಿ ಅಚ್ಚಾಯಿತು. ಅದರ ಶುರುವಿನ ಓಣಿಯ ಕೊನೆಗೆ ಗೋಡೆಯಲ್ಲಿ ಒಂದು ಹಸಿರು ಪಿಶಾಚಿಯ ಮುಖ, ಬಾಯಿ ಅಗಲವಾಗಿ ತೆರೆದಿದೆ. ಒಳಗೆ ಬರೀ ಕತ್ತಲೆ. ಆ ಬಾಯೊಳಗೆ ಹೋದವರು ಇಲ್ಲವಾಗುತ್ತಾರೆ, ಅಷ್ಟೇ. ಉಳಿಯಲು ದಾಳ ಹಾಕುವ ಅವಕಾಶವೂ ಇಲ್ಲ. ಸ್ಪರ್ಧೆಗೆ ಇದು ಸರಿ. ಅಲ್ಲಿ ಪಾತ್ರ ಆ ಹೊತ್ತಿಗೆ ಮಾತ್ರ. ಎರಡು ವರ್ಷದಿಂದ ಪ್ರೀತಿಯಿಂದ ಬೆಳೆಸಿದ ಪಾತ್ರವನ್ನು ಹೀಗೆ ಕಳೆದುಕೊಂಡವರಿಗೆ ಮಾತ್ರ ಅದು ಆಟ ಅನ್ನಿಸುವುದಿಲ್ಲ. ಇನ್ನೊಂದು ಕೆಟ್ಟ ಪರಿಣಾಮವೂ ಇದೆ. ಎಲ್ಲ ಕಡೆ ಬಲೆ ಇದೆ ಅಂತ ಹೆದರಿದ ಆಟಗಾರರು ಪ್ರತಿ ಹಾಸುಗಲ್ಲನ್ನೂ 10 ಅಡಿ ಕೋಲಿನಿಂದ ಕುಟ್ಟುತ್ತಾ ಹೋಗುತ್ತಾರೆ. ಆಟ ಆಮೆ ಆಗುತ್ತದೆ. ಬಲೆಯ ಸುಳಿವು ಮೊದಲೇ ಕಾಣಬೇಕು: ನೆಲದ ಮೇಲೆ ಗೀರು, ಗೋಡೆಗೆ ಸಿಡಿದ ಒಣ ರಕ್ತ. ಆಗ ಬಲೆ ಒಗಟಾಗುತ್ತದೆ.

ಮೂರನೆಯ ಕೊರತೆ ಮಾತಿಗೆ ಜನ ಸಿಗದಿರುವುದು. ತನ್ನ ಪಾತ್ರಕ್ಕೆ ಒಬ್ಬ ತಂಗಿ, ಒಂದು ಸಾಲ, ಒಂದು ಹಳೆಯ ದ್ವೇಷ ಕಟ್ಟಿಕೊಂಡು ಬಂದ ಆಟಗಾರ್ತಿಗೆ ಕಲ್ಲುಗೋಡೆಯ ಜೊತೆ ಏನು ಮಾತಾಡಲಿ ಅನ್ನಿಸುತ್ತದೆ. 1984ರಲ್ಲಿ ಬಂದ ಡ್ರ್ಯಾಗನ್‌ಲ್ಯಾನ್ಸ್ ಸಾಹಸಗಳು ದೊಡ್ಡ ಕಥೆಯನ್ನೇ ಮುಂದಿಟ್ಟಾಗ ಜನ ಆ ಕಡೆ ವಾಲಿದ್ದು ಇದೇ ಹಸಿವಿನಿಂದ. ಅದು ನ್ಯಾಯವಾದ ಹಸಿವು. ಡಂಜನ್ ಒಂದೇ ಸಾಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಾಲ್ಕನೆಯದು ನನ್ನನ್ನು ಜಾಸ್ತಿ ಕಾಡುವಂಥದ್ದು. ಗಾಬ್ಲಿನ್‌ಗಳಿದ್ದ ಆ ಕಣಿವೆಯ ಗುಹೆಗಳಲ್ಲಿ ಹೋರಾಡುವವರು ಮಾತ್ರ ಇಲ್ಲ, ಹೆಂಗಸರು, ಮಕ್ಕಳೂ ಇದ್ದಾರೆ. ಪುಸ್ತಕದಲ್ಲೇ ಎಣಿಸಿ ಬರೆದಿದೆ. ಅವರನ್ನು ಏನು ಮಾಡಬೇಕು? ನಾವು ಅದನ್ನು ಆಡುವಾಗ ಒಬ್ಬಳು ದಾಳ ಕೆಳಗಿಟ್ಟು ಕೇಳಿದಳು: "ಇವರು ಇವರ ಮನೇಲಿ ಇದ್ದಾರೆ ಅಲ್ವಾ? ನುಗ್ಗಿರೋದು ನಾವು ತಾನೆ?" ಯಾರಿಗೂ ಉತ್ತರ ಹೊಳೆಯಲಿಲ್ಲ. ಬಾಗಿಲು ಒಡೆದು, ಇದ್ದವರನ್ನು ಕೊಂದು, ಚಿನ್ನ ಹೊತ್ತು ಬರುವುದು ಸಾಹಸವಾಗುವುದು ಎದುರಿಗಿರುವವರನ್ನು ಜೀವ ಅಂತ ಎಣಿಸದಿದ್ದಾಗ ಮಾತ್ರ. ಅಚ್ಚರಿ ಅಂದರೆ ಆ ಹಳೆಯ ನಿಯಮಗಳಲ್ಲೇ ಒಂದು ದಾರಿ ಇತ್ತು, ಜನ ಅದನ್ನು ಮರೆತರು. ಯಾರಾದರೂ ಎದುರಾದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ಎರಡು ದಾಳ ಹಾಕಬೇಕು. ಎರಡರಲ್ಲೂ 1 ಬಿದ್ದರೆ ಮಾತ್ರ ಖಂಡಿತ ಮೇಲೆ ಬೀಳುತ್ತಾರೆ. ಅದು 36ರಲ್ಲಿ ಒಂದು ಸಲ. ಬೇರೆಲ್ಲ ಫಲಗಳಿಗಿಂತ ಹೆಚ್ಚು ಸಲ ಬರುವುದು ಅವರು ಅನುಮಾನದಿಂದ ನೋಡುತ್ತಾ ನಿಲ್ಲುವುದು. ಮಾತಿಗೆ ಜಾಗ ಅಲ್ಲೇ ಇದೆ.

ಕೊನೆಯದು ಇತ್ತೀಚಿನ ನಿಯಮಗಳಿಂದ ಹುಟ್ಟಿದ ಸಮಸ್ಯೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ 2014ರ ಐದನೇ ಆವೃತ್ತಿಯಲ್ಲಿ ಎಲ್ಫ್, ಕುಬ್ಜ ಮುಂತಾದ ಹಲವು ಜನಾಂಗಗಳಿಗೆ ಕತ್ತಲೆಯಲ್ಲಿ 60 ಅಡಿಯವರೆಗೆ ಕಣ್ಣು ಕಾಣುತ್ತದೆ. ಬೆಳಕಿನ ಮಂತ್ರವನ್ನು ಎಷ್ಟು ಸಲ ಬೇಕಾದರೂ ಹಾಕಬಹುದು, ಖರ್ಚಿಲ್ಲ. ಹತ್ತು ಹಣ್ಣು ಹುಟ್ಟಿಸುವ ಮಂತ್ರವೊಂದಿದೆ, ಒಂದು ಹಣ್ಣು ತಿಂದರೆ ಒಂದು ದಿನದ ಊಟ ಆಯಿತು. ಒಂದು ರಾತ್ರಿ ಮಲಗಿದರೆ ಎಲ್ಲ ಗಾಯ ಮಾಯ. ಪಾತ್ರಗಳನ್ನು ವೀರರನ್ನಾಗಿ ಮಾಡಲು ಇದೆಲ್ಲ ಚೆಂದವೇ. ಆದರೆ ಬೆಳಕು, ಸಮಯ, ಭಾರದ ಗಂಟು ಬಿಚ್ಚಿ ಹೋಯಿತು. ಉಳಿದದ್ದು ಅಪಾಯ ಒಂದೇ, ಅಂದರೆ ಕಾದಾಟ. ಆ ಆವೃತ್ತಿಯ ಕೈಪಿಡಿ ಒಂದು ದಿನಕ್ಕೆ ಮಧ್ಯಮ ಅಥವಾ ಕಠಿಣವಾದ ಆರರಿಂದ ಎಂಟು ಕಾದಾಟಗಳ ಲೆಕ್ಕ ಹೇಳುತ್ತದೆ. ನಮ್ಮ ಮೇಜಿನಲ್ಲಿ ಒಂದು ಕಾದಾಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎಂಟು ಕಾದಾಟ ಅಂದರೆ ಆರು ಗಂಟೆ. ಬಾಗಿಲು, ಕಾದಾಟ, ಬಾಗಿಲು, ಕಾದಾಟ. "ಡಂಜನ್ ಬೋರು" ಅಂತ ಹೇಳುವವರಲ್ಲಿ ಹೆಚ್ಚಿನವರು ಆಡಿದ್ದು ಗಡಿಯಾರ ಕಿತ್ತುಹಾಕಿದ ಇಂಥ ಡಂಜನ್ನನ್ನು. ಅವರ ದೂರು ಸರಿಯಾದದ್ದೇ.

ಆ ಗಡಿಯಾರವನ್ನು ಮತ್ತೆ ಗೋಡೆಗೆ ತೂಗುಹಾಕಿದವರೂ ಇದ್ದಾರೆ. 2023ರಲ್ಲಿ ಕೆಲ್ಸಿ ಡಿಯೋನ್ ತಂದ 'ಶ್ಯಾಡೋಡಾರ್ಕ್' ಆಟದಲ್ಲಿ ಪಂಜು ಉರಿಯುವುದು ನಿಜವಾದ ಒಂದು ಗಂಟೆ. ಮೇಜಿನ ಮೇಲೆ ಟೈಮರ್ ಇಟ್ಟುಬಿಡುತ್ತಾರೆ. ಆಟಗಾರರ ಯಾವ ಪಾತ್ರಕ್ಕೂ ಕತ್ತಲೆಯಲ್ಲಿ ಕಣ್ಣು ಕಾಣುವುದಿಲ್ಲ. ಟರ್ನ್ ಎಣಿಸುವ ತಲೆನೋವು ಹೋಯಿತು, ಪಂಜಿನ ಭಯ ಉಳಿಯಿತು. ನೀವು ಸುಮ್ಮನೆ ಹರಟುತ್ತಿದ್ದರೂ ಅದು ಉರಿಯುತ್ತಲೇ ಇರುತ್ತದೆ.

ಹೊಸದಾಗಿ ಶುರುಮಾಡುವವರು ದೊಡ್ಡದಕ್ಕೆ ಕೈ ಹಾಕಬೇಡಿ. ಹತ್ತು ಹನ್ನೆರಡು ಕೋಣೆ ಸಾಕು. ಒಳಗೆ ಹೋಗಲು ಎರಡು ದಾರಿ ಇಡಿ, ಒಂದು ಸುತ್ತುದಾರಿ ಇಡಿ. ಒಂದಕ್ಕೊಂದು ಆಗದ ಎರಡು ಗುಂಪುಗಳನ್ನು ಒಳಗೆ ಬಿಡಿ. ಮೂರರಲ್ಲಿ ಒಂದು ಕೋಣೆ ಖಾಲಿ ಇರಲಿ, ಖಾಲಿ ಕೋಣೆ ಇಲ್ಲದೆ ಭಯ ಬೆಳೆಯುವುದಿಲ್ಲ. ಹತ್ತಿರದಲ್ಲೇ ಒಂದು ಊರಿರಲಿ, ಮಾತಿನ ಹಸಿವಿದ್ದವರಿಗೆ ಅಲ್ಲಿ ಜನ ಸಿಗಲಿ. ಆಟಗಾರರು ಊರಿಗೆ ಹೋಗಿ ಬರುವಷ್ಟರಲ್ಲಿ ಕೆಳಗೆ ಏನಾಯಿತು ಅಂತ ಯೋಚಿಸಿ, ನಕ್ಷೆಯಲ್ಲಿ ಒಂದೆರಡು ಕಡೆ ತಿದ್ದಿ. ಕೆಳಗಿನವರಿಗೂ ಅದೇ ಒಂದು ವಾರ ಕಳೆದಿರುತ್ತದೆ.

ಆ ಭಾನುವಾರ ನಮ್ಮವರು ಬಾಗಿಲು ತೆಗೆಯಲಿಲ್ಲ. ತಾಮ್ರ ಸುರಿದು, ಚಿನ್ನ ಮಾತ್ರ ಹೊತ್ತು, ಪಂಜು ಆರಲು ಒಂದು ಟರ್ನ್ ಇರುವಾಗ ಮೆಟ್ಟಿಲು ಹತ್ತಿದರು. ಮುಂದಿನ ವಾರ ಹನ್ನೆರಡು ಪಂಜು ಕೊಂಡು ಇಳಿದರು. ಅವರು ಸುರಿದು ಹೋಗಿದ್ದ ತಾಮ್ರದ ನಾಣ್ಯಗಳಲ್ಲಿ ಒಂದೂ ಅಲ್ಲಿರಲಿಲ್ಲ. ಬಾಗಿಲು ತೆರೆದಿತ್ತು.